ಅಡಿಕೆ ತೋಟದಲ್ಲಿ ಎರಡು ಚಂದ್ರರು

ಸುಲಿದ ತೆಂಗಿನಕಾಯಿ ಒಂದು, ಸುಲಿದ ಹಸಿ ಅಡಿಕೆ ಒಂದು, ಕಾಳುಮೆಣಸು ಒಂದು. ಕಲ್ಪನೆಯ ಗ್ರಹಕ್ಕೆ ಚಂದ್ರರನ್ನು ಕಟ್ಟಲು ಹೊರಟವರು ಮೊದಲು ಇವಿಷ್ಟನ್ನು ಹಿಡಿದುಕೊಂಡು ತೋಟಕ್ಕೆ ಇಳಿಯಬೇಕು. ಕಾಗದ, ಕಂಪ್ಯೂಟರು ಆಮೇಲೆ. 12 ಸೆಂ.ಮೀ. ಕಾಯಿಯನ್ನು ಒಂದು ಮರದ ಬುಡದಲ್ಲಿ ಇಡಿ. 2.4 ಸೆಂ.ಮೀ. ಅಡಿಕೆಯನ್ನು ಪಕ್ಕದ ಮರದ ಬುಡದಲ್ಲಿ ಇಡಿ. ಮಲೆನಾಡಿನ ತೋಟಗಳಲ್ಲಿ ಮರದಿಂದ ಮರಕ್ಕೆ 9 ಅಡಿ ಬಿಡುವುದು ವಾಡಿಕೆ, ಅಂದರೆ 2.75 ಮೀಟರಿನ ಹತ್ತಿರ. ಎರಡರ ನಟ್ಟನಡುವೆ 6 ಮಿ.ಮೀ. ಮೆಣಸಿನಕಾಳು. ಈಗ ಒಂದು ಸೆಂಟಿಮೀಟರನ್ನು 1,000 ಕಿ.ಮೀ. ಅಂದುಕೊಳ್ಳಿ. 12,000 ಕಿ.ಮೀ. ವ್ಯಾಸದ ಗ್ರಹ, 2,400 ಕಿ.ಮೀ.ಯ ದೊಡ್ಡ ಚಂದ್ರ, 600 ಕಿ.ಮೀ.ಯ ಸಣ್ಣ ಚಂದ್ರ, ಮೂರೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಸೂರ್ಯನನ್ನೂ ಇಡುತ್ತೇನೆಂದರೆ 14 ಮೀಟರ್ ಅಗಲದ ಗೋಳ ಬೇಕು, ಒಂದೂವರೆ ಕಿ.ಮೀ. ಆಚೆ, ಅದು ಪಕ್ಕದ ಊರಿನವರ ಗದ್ದೆಗೆ ಬಿತ್ತು ಬಿಡಿ.

ಇಷ್ಟು ಖಾಲಿ ಜಾಗ ಕಣ್ಣಿಗೆ ಕಂಡ ಮೇಲೆ, ಗ್ರಹದ ಮಗ್ಗುಲಿಗೇ ಆನೆಗಾತ್ರದ ಚಂದ್ರನನ್ನು ಅಂಟಿಸುವ ಚಿತ್ರಗಳು ಯಾಕೆ ನಡೆಯುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಗ್ರಹದ ನಡುವಿನಿಂದ ಸುಮಾರು 17 ಸೆಂ.ಮೀ. ಒಳಗೆ ಅಡಿಕೆಯನ್ನು ತಂದರೆ ಅದು ಚಂದ್ರನಾಗಿ ಉಳಿಯುವುದಿಲ್ಲ. ಎಳೆತಕ್ಕೆ ಸಿಕ್ಕಿ ಪುಡಿಯಾಗಿ ಉಂಗುರವಾಗುತ್ತದೆ. ಇದು ರೋಶ್ ಮಿತಿ. ಗ್ರಹದ ತ್ರಿಜ್ಯವನ್ನು 2.44ರಿಂದ ಗುಣಿಸಿ, ಗ್ರಹದ ಸಾಂದ್ರತೆಯನ್ನು ಚಂದ್ರನ ಸಾಂದ್ರತೆಯಿಂದ ಭಾಗಿಸಿದಾಗ ಬರುವುದರ ಘನಮೂಲದಿಂದ ಮತ್ತೆ ಗುಣಿಸಿದರೆ ಆ ದೂರ ಸಿಗುತ್ತದೆ. ಹೊರಗಡೆಯೂ ಒಂದು ಬೇಲಿ ಇದೆ. ಗ್ರಹ ತನ್ನ ಚಂದ್ರರನ್ನು ಹಿಡಿದಿಟ್ಟುಕೊಳ್ಳಬಲ್ಲ ವಲಯಕ್ಕೆ ಹಿಲ್ ಗೋಳ ಎನ್ನುತ್ತಾರೆ. ನಮ್ಮ ಕಲ್ಪನೆಯ ಗ್ರಹಕ್ಕೆ ಅದರ ತ್ರಿಜ್ಯ ಸುಮಾರು 13.9 ಲಕ್ಷ ಕಿ.ಮೀ.; ಆದರೆ ಅದರ ಅರ್ಧದಾಚೆ ಇಟ್ಟ ಚಂದ್ರನನ್ನು ಸೂರ್ಯ ಕಾಲಾಂತರದಲ್ಲಿ ಎಳೆದುಕೊಳ್ಳುತ್ತಾನೆ. ಹಾಗಾಗಿ ಉಪಯೋಗಕ್ಕೆ ಬರುವ ಜಾಗ ಕಾಯಿಯಿಂದ 7 ಮೀಟರಿನೊಳಗೆ, ಎರಡೂವರೆ ಮರದಷ್ಟು. ಗ್ರಹದ ಸುತ್ತಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಚಂದ್ರನಾದರೆ ಇನ್ನೂ ದೂರದಲ್ಲಿ ಬಾಳಬಲ್ಲದು.

ಗ್ರಹದ ಹೆಸರು ಸಿಂಗಾರ ಎಂದಿರಲಿ. ತೂಕ ಭೂಮಿಯ 0.8 ಪಾಲು, ತ್ರಿಜ್ಯ 6,000 ಕಿ.ಮೀ., ಸಾಂದ್ರತೆ ನೀರಿನ 5.3 ಪಟ್ಟು, ಮೇಲ್ಮೈ ಗುರುತ್ವ ನಮ್ಮದರ ಶೇ 90. ದಿನ 24 ಗಂಟೆ, ವರ್ಷ 365.25 ದಿನ, ಸೂರ್ಯ ನಮ್ಮವನೇ. ದಿನ, ವರ್ಷ, ಸೂರ್ಯ, ಚಂದ್ರ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೊರಟರೆ ಲೆಕ್ಕ ತಪ್ಪಿದ್ದೆಲ್ಲಿ ಎಂದೇ ಗೊತ್ತಾಗುವುದಿಲ್ಲ. ಚಂದ್ರರ ಹೆಸರಿಗೆ ಶಿವಮೊಗ್ಗದ ಅಡಿಕೆ ಮಂಡಿಯೇ ಸಾಕು: ದೊಡ್ಡದು ಬೆಟ್ಟೆ. ಸಣ್ಣದು ಕಾಳು, ಅದು ಮೆಣಸಿನ ಬಳ್ಳಿಯದು. ರಾಶಿ ಎನ್ನುವ ಒಳ್ಳೆ ಹೆಸರೂ ಮಂಡಿಯಲ್ಲಿದೆ, ಆದರೆ ಪಂಚಾಂಗದ ಮಾತಿನಲ್ಲಿ ಅದನ್ನು ತಂದರೆ ಓದುಗರ ತಲೆ ಕೆಡುತ್ತದೆ.

ಎಲ್ಲಿಂದ ಶುರುಮಾಡಬೇಕು ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ. ಹೆಚ್ಚಿನವರು ಗಾತ್ರದಿಂದ ಅಥವಾ ಬಣ್ಣದಿಂದ ಶುರುಮಾಡುತ್ತಾರೆ. ನನ್ನ ಮಟ್ಟಿಗೆ ಅದು ತಲೆಕೆಳಗು. ಚಂದ್ರ ಮೊದಲು ಗಡಿಯಾರ, ಆಮೇಲೆ ಏತ, ಕೊನೆಗೆ ದೀಪ. ಹುಣ್ಣಿಮೆಯಿಂದ ಹುಣ್ಣಿಮೆಗೆ ಎಷ್ಟು ದಿನ ಎಂದು ಗೊತ್ತುಮಾಡಿಕೊಂಡರೆ ದೂರ ತಾನಾಗಿ ಬರುತ್ತದೆ. ದೂರ ಸಿಕ್ಕ ಮೇಲೆ ಸಮುದ್ರದ ಉಬ್ಬರ ಎಷ್ಟಿರಬೇಕೆಂದು ನಿರ್ಧರಿಸಿದರೆ ಗಾತ್ರಕ್ಕೂ ಒಂದು ಮೇಲ್ಮಿತಿ ಬರುತ್ತದೆ. ಬಣ್ಣಕ್ಕೆ ಉಳಿಯುವ ಸ್ವಾತಂತ್ರ್ಯ ಸ್ವಲ್ಪವೇ.

ಬೆಟ್ಟೆಗೆ 20 ದಿನಕ್ಕೊಂದು ಹುಣ್ಣಿಮೆ, ಕಾಳಿಗೆ 7 ದಿನಕ್ಕೊಂದು ಎಂದಿಟ್ಟುಕೊಳ್ಳೋಣ. ಮೊದಲ ತಪ್ಪು ಆಗುವುದು ಇಲ್ಲೇ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇರುವ ಅವಧಿ ಬೇರೆ, ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತು ಮುಗಿಸುವ ಅವಧಿ ಬೇರೆ. ಚಂದ್ರ ಸುತ್ತುವಷ್ಟರಲ್ಲಿ ಗ್ರಹವೂ ಸೂರ್ಯನ ಸುತ್ತ ಮುಂದೆ ಸರಿದಿರುತ್ತದೆ, ಹಾಗಾಗಿ ಹುಣ್ಣಿಮೆಗೆ ಚಂದ್ರ ಇನ್ನಷ್ಟು ದೂರ ಓಡಬೇಕು. ನಮ್ಮ ಚಂದ್ರನಲ್ಲೂ ಸುತ್ತು 27.32 ದಿನ, ಹುಣ್ಣಿಮೆಯ ಅಂತರ 29.53. ದೂರದ ಲೆಕ್ಕಕ್ಕೆ ಬೇಕಾಗುವುದು ಸುತ್ತಿನ ಅವಧಿ. ಹುಣ್ಣಿಮೆಯ ಅಂತರವನ್ನು ವರ್ಷದ ದಿನಗಳಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿದರೆ ಸುತ್ತು ಸಿಗುತ್ತದೆ: ಬೆಟ್ಟೆಗೆ 7,305 ಭಾಗಿಸು 385.25, ಅಂದರೆ 18.96 ದಿನ. ಕಾಳಿಗೆ ಇದೇ ಕ್ರಮದಲ್ಲಿ 6.87 ದಿನ. ಚಂದ್ರ ಉಲ್ಟಾ ತಿರುಗುವುದಾದರೆ ಮೊತ್ತದ ಬದಲು ವ್ಯತ್ಯಾಸದಿಂದ ಭಾಗಿಸಬೇಕು.

ಇನ್ನು ದೂರ. ಕೆಪ್ಲರನ ಮೂರನೇ ನಿಯಮವನ್ನು ನಮ್ಮ ಚಂದ್ರನ ಅಳತೆಗೆ ಇಳಿಸಿಕೊಂಡರೆ ಸೊನ್ನೆಗಳ ಸಾಲು ಬೇಕಾಗುವುದಿಲ್ಲ. ಸುತ್ತಿನ ಅವಧಿಯನ್ನು 27.32ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಗ್ರಹದ ತೂಕದಿಂದ (ಭೂಮಿಯನ್ನು 1 ಎಂದಿಟ್ಟು) ಗುಣಿಸಿ, ಘನಮೂಲ ತೆಗೆದು, 3,84,400ರಿಂದ ಗುಣಿಸಿ. ಬೆಟ್ಟೆಗೆ: 0.694ರ ವರ್ಗ 0.4816, ಗುಣಿಸು 0.8 ಮಾಡಿದರೆ 0.385, ಘನಮೂಲ 0.728, ದೂರ 2,80,000 ಕಿ.ಮೀ. ಕಾಳಿಗೆ 1,42,000 ಕಿ.ಮೀ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಘನಮೂಲದ ಗುಂಡಿ ಸಾಮಾನ್ಯವಾಗಿ ಸಿಗುತ್ತದೆ. ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಮೂರನೇ ಒಂದರ ಘಾತ ಹಾಕಿದರಾಯಿತು. ಆ ಮೂರನೇ ಒಂದನ್ನು ಆವರಣದೊಳಗೆ ಬರೆಯದಿದ್ದರೆ ಎಕ್ಸೆಲ್ ಮೊದಲು ಘಾತ 1 ಮಾಡಿ ಆಮೇಲೆ 3ರಿಂದ ಭಾಗಿಸುತ್ತದೆ, ಚಂದ್ರ ಗ್ರಹಕ್ಕೆ ಎಷ್ಟೋ ಹತ್ತಿರ ಬಂದುಬಿಡುತ್ತಾನೆ.

ಎರಡು ಚಂದ್ರರು ಒಬ್ಬರನ್ನೊಬ್ಬರು ಸಹಿಸಿಕೊಳ್ಳುತ್ತಾರೋ ಎಂಬುದನ್ನು ಈಗಲೇ ನೋಡಿಬಿಡಬೇಕು. 3.3 ಸಾಂದ್ರತೆಯ ಬೆಟ್ಟೆಯ ತೂಕ ಸಿಂಗಾರದ 200ನೇ ಒಂದು ಪಾಲು, ಕಾಳಿನದು ಲೆಕ್ಕಕ್ಕಿಲ್ಲ. ಆ ಪಾಲನ್ನು 3ರಿಂದ ಭಾಗಿಸಿ ಘನಮೂಲ ತೆಗೆದರೆ 0.119. ಇಬ್ಬರ ಸರಾಸರಿ ದೂರ 2,11,000 ಕಿ.ಮೀ.ಯಿಂದ ಅದನ್ನು ಗುಣಿಸಿದರೆ 25,000 ಕಿ.ಮೀ. ಇಬ್ಬರ ನಡುವಿನ ಅಂತರ 1,38,000, ಅಂದರೆ ಆ ಅಳತೆಯ ಐದೂವರೆ ಪಟ್ಟು. ಮೂರೂವರೆಗಿಂತ ಕಮ್ಮಿ ಬಂದರೆ ಕಕ್ಷೆಗಳು ಕಲಸಿಹೋಗುತ್ತವೆ. ಐದರ ಮೇಲಿದ್ದರೆ ನೆಮ್ಮದಿ. ಇಬ್ಬರ ನಡುವೆ 2 ಲಕ್ಷ ಕಿ.ಮೀ. ದೂರದಲ್ಲಿ ಮೂರನೆಯದೊಂದನ್ನು ತುರುಕುವ ಆಸೆ ಆಗುತ್ತದೆ. ಅಲ್ಲಿ ಬೆಟ್ಟೆಗೆ ಅಂತರ 80,000 ಮಾತ್ರ, ಮೂರು ಪಟ್ಟಿಗೂ ಕಮ್ಮಿ. ಅದು ಬದುಕುವುದಿಲ್ಲ. ಮೂರನೆಯದು ಬೇಕೇ ಬೇಕೆಂದರೆ ಹೊರಗೆ 6 ಲಕ್ಷದ ಆಸುಪಾಸಿನಲ್ಲಿ ಇಡಿ. ಸುತ್ತಿಗೆ 60 ದಿನದ ಹತ್ತಿರ ಹಿಡಿಯುತ್ತದೆ.

ಸುತ್ತಿನ ಅವಧಿಗಳ ಅನುಪಾತವನ್ನೂ ಒಮ್ಮೆ ನೋಡಿ. ಇಲ್ಲಿ 18.96 ಭಾಗಿಸು 6.87, ಅಂದರೆ 2.76. ಅದು 2 ಅಥವಾ 3ಕ್ಕೆ ತೀರಾ ಹತ್ತಿರವಿದ್ದಿದ್ದರೆ ಇಬ್ಬರೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಂಧಿಸಿ ಒಬ್ಬರ ಕಕ್ಷೆಯನ್ನೊಬ್ಬರು ಜಗ್ಗುತ್ತಿದ್ದರು. ಜಗ್ಗುವುದು ಯಾವಾಗಲೂ ಕೆಟ್ಟದ್ದೇನಲ್ಲ. ಗುರುವಿನ ಅಯೋ, ಯುರೋಪಾ, ಗ್ಯಾನಿಮೀಡ್ 1:2:4ರ ತಾಳದಲ್ಲಿ ಸುತ್ತುತ್ತಿವೆ. ಆ ತಾಳವೇ ಅಯೋದ ಕಕ್ಷೆಯನ್ನು ಪೂರ್ತಿ ದುಂಡಗಾಗಲು ಬಿಡದೆ, ಅದರ ಒಡಲನ್ನು ಹಿಟ್ಟು ನಾದಿದ ಹಾಗೆ ನಾದಿ ಬಿಸಿಮಾಡಿ, ಜ್ವಾಲಾಮುಖಿಗಳನ್ನು ಉಕ್ಕಿಸುತ್ತಿದೆ. ನಿಮ್ಮ ಚಂದ್ರನ ಮೇಲೆ ಬೆಂಕಿ ಬೇಕಿದ್ದರೆ ಅಂಥ ತಾಳ ಹಾಕಿ. ಬೇಡವೆಂದರೆ ದೂರವಿರಿ.

ಈಗ ಪಂಚಾಂಗ. ನಮ್ಮ ಓದುಗರಿಗೆ ಇದಕ್ಕಿಂತ ರುಚಿಯ ಭಾಗ ಬೇರೆ ಇಲ್ಲ, ಯಾಕೆಂದರೆ ತಿಥಿ ಎಂದರೇನೆಂದು ನಾವು ಯಾರಿಗೂ ವಿವರಿಸಬೇಕಾಗಿಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ಸರಿದರೆ ಒಂದು ತಿಥಿ, 30 ತಿಥಿಗೆ ಒಂದು ತಿಂಗಳು. ನಮ್ಮಲ್ಲಿ ಒಂದು ತಿಥಿ ಸರಾಸರಿ 23 ಗಂಟೆ 37 ನಿಮಿಷ, ಹೆಚ್ಚುಕಮ್ಮಿ ಒಂದು ದಿನ. ಬೆಟ್ಟೆಯ ತಿಥಿ 16 ಗಂಟೆ. ಕಾಳಿನದು 5 ಗಂಟೆ 36 ನಿಮಿಷ. ಸೂರ್ಯೋದಯಕ್ಕೆ ಯಾವ ತಿಥಿಯೋ ಆ ದಿನಕ್ಕೆ ಅದೇ ಎನ್ನುವ ನಮ್ಮ ಕ್ರಮವನ್ನು ಅಲ್ಲಿಗೆ ಒಯ್ದರೆ, ಬೆಟ್ಟೆಯ ಲೆಕ್ಕದಲ್ಲಿ ಮೂರರಲ್ಲೊಂದು ತಿಥಿ ಕ್ಷಯ. ಕಾಳಿನ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ತಿಥಿ ಬಂದು ಹೋಗುತ್ತವೆ. ಕಾಳಿನ ತಿಥಿಯನ್ನು ಅಲ್ಲಿನ ಜನ ದಿನಕ್ಕಲ್ಲ, ಹೊತ್ತಿಗೆ ಬಳಸುತ್ತಾರೆ ಎಂದು ನೀವು ಬರೆದರೆ ನಂಬಬಹುದು. ಕಾಳಿನ ಬಿದಿಗೆಯಲ್ಲಿ ಹಾಲು ಕರೆದು ತದಿಗೆಯಲ್ಲಿ ಊಟ.

20 ದಿನದ 18 ತಿಂಗಳಿಗೆ 360 ದಿನ. ವರ್ಷಕ್ಕೆ ಐದೂಕಾಲು ದಿನ ಉಳಿಯಿತು. ನಾಲ್ಕು ವರ್ಷಕ್ಕೆ 1,461 ದಿನ, ಅದು 73 ತಿಂಗಳು ಮತ್ತು ಒಂದು ದಿನ. ಹಾಗಾಗಿ ನಾಲ್ಕು ವರ್ಷಕ್ಕೊಂದು ಅಧಿಕ ಮಾಸ, ಆದರೂ ಒಂದು ದಿನ ಬಾಕಿ. ಆ ಬಾಕಿ ಸೇರಿ ಸೇರಿ 80 ವರ್ಷಕ್ಕೆ ಪೂರ್ತಿ 20 ದಿನವಾಗುತ್ತದೆ: 80 ವರ್ಷಕ್ಕೆ 21 ಅಧಿಕ ಮಾಸ. ಆ ಇಪ್ಪತ್ತೊಂದನೆಯದನ್ನು ಒಬ್ಬ ಮನುಷ್ಯ ಬದುಕಿನಲ್ಲಿ ಒಮ್ಮೆ ಕಂಡರೆ ಕಂಡ. ಕತೆಗೆ ಇಂಥದ್ದು ಲೆಕ್ಕದಿಂದಲೇ ಸಿಗುವಾಗ ಭವಿಷ್ಯವಾಣಿಗಳನ್ನು ಹೊಸದಾಗಿ ಹೊಸೆಯುವುದು ಯಾಕೆ?

ಜೋಡಿ ಹುಣ್ಣಿಮೆಯ ವಿಷಯ. 20 ಮತ್ತು 7 ಎಂದಿದ್ದರೆ 140 ದಿನಕ್ಕೊಮ್ಮೆ ಇಬ್ಬರೂ ಒಟ್ಟಿಗೆ ತುಂಬುತ್ತಾರೆ, ಗಡಿಯಾರ ಹೊಡೆದ ಹಾಗೆ. ಇದು ಕಾರ್ಖಾನೆಯ ಮಾಲಿನ ಹಾಗೆ ಕಾಣುತ್ತದೆ. ನಿಜವಾದ ಆಕಾಶ ಪೂರ್ಣಾಂಕಗಳಲ್ಲಿ ನಡೆಯುವುದಿಲ್ಲ. ಎಲ್ಲ ಲೆಕ್ಕ ಮುಗಿದ ಮೇಲೆ ಅಂಕಿಗಳನ್ನು ಒಮ್ಮೆ ಅಲುಗಾಡಿಸಿ: ಬೆಟ್ಟೆಗೆ 19.94, ಕಾಳಿಗೆ 7.03 ಮಾಡಿ ನೋಡಿ. ಈಗ ಏಳನೇ ಬೆಟ್ಟೆ ಹುಣ್ಣಿಮೆಗೆ ಕಾಳು ಒಂದು ದಿನ ತಡ, ಆದರೆ ಆರನೆಯದಕ್ಕೆ ಅಂತರ ಮೂರೇ ಗಂಟೆ (119.64ಕ್ಕೆ ಎದುರು 119.51). ಜೋಡಿ ಹುಣ್ಣಿಮೆ ಏಳು ತಿಂಗಳಿಂದ ಆರಕ್ಕೆ ಜಿಗಿಯಿತು. ಆ ಮೂರು ಗಂಟೆ ಪ್ರತಿ ಸಲವೂ ಸೇರುತ್ತಾ ಹೋಗಿ, ಕೆಲವು ಸಲದ ನಂತರ ಮತ್ತೆ ಏಳಕ್ಕೆ ಜಾರಬೇಕಾಗುತ್ತದೆ. ಇದರ ಮೇಲೆ ಎರಡು ಮಠಗಳು ಜಗಳವಾಡುವಷ್ಟು ಸರಕು ಇದೆ.

ಹುಟ್ಟುವ ಹೊತ್ತಿಗೂ ಸುಲಭದ ಸೂತ್ರ ಉಂಟು. ಹುಣ್ಣಿಮೆಯ ಅಂತರದಿಂದ ಒಂದು ಕಳೆದು, ಅದರಿಂದ 24 ಗಂಟೆಯನ್ನು ಭಾಗಿಸಿ. ನಮ್ಮ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡ. ಬೆಟ್ಟೆ 76 ನಿಮಿಷ, ಕಾಳು ಪೂರ್ತಿ 4 ಗಂಟೆ. ನಿನ್ನೆ ಸಂಜೆ ಆರಕ್ಕೆ ಹುಟ್ಟಿದ ಕಾಳು ಇವತ್ತು ರಾತ್ರಿ ಹತ್ತಕ್ಕೆ, ನಾಡಿದ್ದು ನಸುಕಿನ ಎರಡಕ್ಕೆ ಹುಟ್ಟುತ್ತದೆ. ಸಂಜೆ ನೆತ್ತಿಯ ಮೇಲೆ ಅರ್ಧವಿದ್ದದ್ದು ಮುಳುಗುವ ಹೊತ್ತಿಗೆ ಐದರಲ್ಲಿ ಮೂರು ಪಾಲು ಮೀರಿ ಬೆಳೆದಿರುತ್ತದೆ. ಒಂದೇ ರಾತ್ರಿಯ ಪ್ರಯಾಣ ಬರೆಯುವಾಗ ಇದನ್ನು ಮರೆಯಬಾರದು. ಇನ್ನೂ ಒಳಗೆ, 39,000 ಕಿ.ಮೀ.ಗಿಂತ ಹತ್ತಿರ ಇಟ್ಟರೆ ಚಂದ್ರ ಗ್ರಹಕ್ಕಿಂತ ಬೇಗ ಸುತ್ತಿ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಮಂಗಳನ ಫೋಬೋಸ್ ಹೀಗೆಯೇ 7 ಗಂಟೆ 39 ನಿಮಿಷಕ್ಕೊಂದು ಸುತ್ತು ಹಾಕುತ್ತದೆ, ಮತ್ತು ನಿಧಾನವಾಗಿ ಮಂಗಳನ ಕಡೆಗೇ ಇಳಿಯುತ್ತಿದೆ. ಆ ಗಡಿಯ ಹೊರಗಿರುವವು ದೂರ ಸರಿಯುತ್ತವೆ. ನಮ್ಮ ಚಂದ್ರ ವರ್ಷಕ್ಕೆ 3.8 ಸೆಂ.ಮೀ.

ಉಬ್ಬರದ ಲೆಕ್ಕ ಘಟ್ಟದ ಮೇಲಿನವರಾದ ನಮಗೆ ಅಭ್ಯಾಸವಿಲ್ಲದ್ದು, ಆದ್ದರಿಂದಲೇ ನಮ್ಮ ಬರಹಗಾರರು ಅಲ್ಲಿ ಎಡವುತ್ತಾರೆ. ಉಬ್ಬರದ ಎಳೆತ ದೂರದ ಘನಕ್ಕೆ ವಿಲೋಮ. ನಮ್ಮದೇ ಚಂದ್ರನನ್ನು ಅರ್ಧ ದೂರಕ್ಕೆ ತಂದರೆ ಎಳೆತ ಎರಡಲ್ಲ, ಎಂಟು ಪಟ್ಟು. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗವನ್ನೋ, ಅಘನಾಶಿನಿಯ ಬಾಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳನ್ನೋ ನೋಡಿದವರಿಗೆ ಎಂಟು ಪಟ್ಟು ಎಂದರೆ ಏನೆಂದು ಅರ್ಥವಾದೀತು: ಕಟ್ಟೆ ಇರಲಿ, ಊರೇ ಇರುವುದಿಲ್ಲ. ಲೆಕ್ಕಕ್ಕೆ ಒಂದು ಅಡ್ಡದಾರಿ ಇದೆ. ಚಂದ್ರನ ಸಾಂದ್ರತೆ ನಮ್ಮ ಚಂದ್ರನದಷ್ಟೇ ಇದ್ದರೆ, ಆಕಾಶದಲ್ಲಿ ಅದು ಕಾಣುವ ಅಗಲದ ಘನವೇ ಉಬ್ಬರದ ಎಳೆತ. ಕಾಣುವ ಅಗಲ ತಿಳಿಯಲು ವ್ಯಾಸವನ್ನು ದೂರದಿಂದ ಭಾಗಿಸಿ 57.3ರಿಂದ ಗುಣಿಸಿ. ಬೆಟ್ಟೆ 0.49 ಡಿಗ್ರಿ, ಕಾಳು 0.24, ನಮ್ಮ ಚಂದ್ರ 0.52. ಹಾಗಾಗಿ ಬೆಟ್ಟೆಯ ಎಳೆತ ನಮ್ಮ ಚಂದ್ರನ 0.84, ಕಾಳಿನದು 0.10. ಆಕಾಶದಲ್ಲಿ ಮೂರು ಪಟ್ಟು ಅಗಲದ ಚಂದ್ರ ಬೇಕೆನ್ನುವವರು 27 ಪಟ್ಟು ಎಳೆತಕ್ಕೂ ಸಿದ್ಧರಾಗಬೇಕು, ಇಲ್ಲವೇ ಗ್ರಹದಲ್ಲಿ ಸಮುದ್ರವನ್ನೇ ಇಡಬಾರದು.

ಸೂರ್ಯನ ಪಾಲನ್ನು ಮರೆಯುವಂತಿಲ್ಲ. ಅದು ನಮ್ಮ ಚಂದ್ರನ 0.46. ಮೂವರೂ ಒಂದೇ ಗೆರೆಯಲ್ಲಿ ನಿಂತ ಜೋಡಿ ಹುಣ್ಣಿಮೆಗೆ ಮೊತ್ತ 1.40, ಬೆಟ್ಟೆಗೆ ಉಳಿದಿಬ್ಬರೂ ಅಡ್ಡ ನಿಂತ ದಿನ 0.28. ಭೂಮಿಯಲ್ಲಿ ಈ ಎರಡರ ಅನುಪಾತ ಮೂರರೊಳಗೆ, ಸಿಂಗಾರದಲ್ಲಿ ಐದರ ಹತ್ತಿರ. ತಿಂಗಳಲ್ಲಿ ಎರಡು ಸಲ ಸಮುದ್ರ ಸತ್ತ ಹಾಗೆ ಮಲಗಿರುತ್ತದೆ, ದೋಣಿ ನದಿಯ ಬಾಯಿ ದಾಟಿಸಲು ಅದೇ ಹೊತ್ತು. ಉಬ್ಬರದಿಂದ ಉಬ್ಬರಕ್ಕೆ 12 ಗಂಟೆ 38 ನಿಮಿಷ.

ಗ್ರಹಣದಲ್ಲಿ ಒಂದು ಬಲೆ ಇದೆ, ಬೀಳದವರೇ ಕಮ್ಮಿ. ಹತ್ತಿರದ ಚಂದ್ರನ ಕಕ್ಷೆಗೆ ಓರೆ (ಗ್ರಹ ಸೂರ್ಯನನ್ನು ಸುತ್ತುವ ಸಮತಲಕ್ಕೆ ಹೋಲಿಸಿ) ಕಮ್ಮಿ ಇಟ್ಟರೆ ಪ್ರತಿ ಹುಣ್ಣಿಮೆಗೂ ಗ್ರಹಣ. ಗ್ರಹದ ನೆರಳಿನ ತ್ರಿಜ್ಯ ತಿಳಿಯಲು, ಗ್ರಹದ ತ್ರಿಜ್ಯದಿಂದ ದೂರದ 217ನೇ ಒಂದು ಪಾಲನ್ನು ಕಳೆಯಿರಿ (ಸೂರ್ಯ ನಮ್ಮವನೇ ಆಗಿ, ದೂರವೂ ನಮ್ಮದೇ ಆಗಿದ್ದರೆ). ಕಾಳಿನ ಜಾಗದಲ್ಲಿ ಅದು 5,345 ಕಿ.ಮೀ. ಕಾಳಿನ ತ್ರಿಜ್ಯ 300 ಸೇರಿಸಿ, ದೂರದಿಂದ ಭಾಗಿಸಿ, 57.3ರಿಂದ ಗುಣಿಸಿದರೆ 2.3 ಡಿಗ್ರಿ. ಓರೆ ಒಂದೇ ಡಿಗ್ರಿ ಇದ್ದರೆ ಏಳು ದಿನಕ್ಕೊಮ್ಮೆ, ಹುಣ್ಣಿಮೆಯ ನಡುರಾತ್ರಿ, ಸುಮಾರು ಎರಡು ಗಂಟೆ ಕಾಳು ಕೆಂಪಾಗಿ ಕಪ್ಪಿಡುತ್ತದೆ. ನನಗೇನೋ ಇದು ದೋಷವಲ್ಲ, ಬಿಡಬಾರದ ವರ ಅನ್ನಿಸುತ್ತದೆ. ಆದರೆ ಗೊತ್ತಿದ್ದು ಮಾಡಬೇಕು. ಬೇಡವಾದರೆ 5 ಅಥವಾ 6 ಡಿಗ್ರಿ ಓರೆ ಕೊಡಿ, ನಮ್ಮ ಚಂದ್ರನಿಗೆ ಇರುವುದೂ 5.1. ಸೂರ್ಯಗ್ರಹಣದಲ್ಲಿ ಬೆಟ್ಟೆ 0.49, ಸೂರ್ಯ 0.53, ಹಾಗಾಗಿ ಸಾಮಾನ್ಯವಾಗಿ ಕಂಕಣ ಮಾತ್ರ. ಬೆಟ್ಟೆಯ ಕಕ್ಷೆಗೆ 0.08 ಉತ್ಕೇಂದ್ರತೆ (ಕಕ್ಷೆ ದುಂಡಗಿರದೆ ಎಷ್ಟು ಉದ್ದವಾಗಿದೆ ಎಂಬ ಅಳತೆ) ಕೊಟ್ಟರೆ ಹತ್ತಿರ ಬಂದಾಗ ಸೂರ್ಯನನ್ನು ಅಷ್ಟಕ್ಕಷ್ಟೇ ಮುಚ್ಚುತ್ತದೆ. ಕಾಳು ಸೂರ್ಯನ ಮೇಲೆ ಹಾಯುವ ಕರಿ ಬೊಟ್ಟು ಅಷ್ಟೇ.

ಬೆಳಕಿಗೆ ಬಂದರೆ, ಹೊಳಪು ಕಾಣುವ ಅಗಲದ ವರ್ಗ ಮತ್ತು ಮೇಲ್ಮೈಯ ಬಿಳುಪು ಎರಡನ್ನೂ ಅವಲಂಬಿಸಿದೆ. ನಮ್ಮ ಚಂದ್ರ ಕಣ್ಣಿಗೆ ಬೆಳ್ಳಿಯಾದರೂ ಬಿದ್ದ ಬೆಳಕಿನಲ್ಲಿ ಶೇ 12ರಷ್ಟನ್ನೇ ಹಿಂದಿರುಗಿಸುತ್ತದೆ, ಸವೆದ ಡಾಂಬರು ರಸ್ತೆಯ ಬಳಗ. ಕಾಳಿಗೆ ಹಿಮದ ಬಿಳಿ ಕೊಡುವ ಆಸೆ ಸಹಜ, ಶನಿಯ ಎನ್ಸೆಲಾಡಸ್ ಹಾಗಿದೆ. ಆದರೆ ಸೂರ್ಯನಿಗೆ ಇಷ್ಟು ಹತ್ತಿರ, ಗಾಳಿಯಿಲ್ಲದ ಕಡೆ, ಬಿಸಿಲಿಗೆ ಒಡ್ಡಿದ ಹಿಮ ಆವಿಯಾಗಿ ಹೋಗುತ್ತದೆ. ಕಲ್ಲಿನಲ್ಲೇ ಬಿಳುಪು ಬೇಕೆಂದರೆ ವೆಸ್ಟಾ ಕ್ಷುದ್ರಗ್ರಹದ ಮಾದರಿ ಹಿಡಿಯಿರಿ, ಶೇ 40ರ ಆಸುಪಾಸು. ಆಗ ಬೆಟ್ಟೆಯ ಅರ್ಧ ಅಗಲದ ಕಾಳು ನಮ್ಮ ಹುಣ್ಣಿಮೆಯ ಮುಕ್ಕಾಲು ಬೆಳಕು ಕೊಡುತ್ತದೆ. ಅಂದರೆ ಅದು ಸಿಪ್ಪೆ ತೆಗೆದ ಬಿಳಿ ಮೆಣಸು. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧವಲ್ಲ, ಹತ್ತನೇ ಒಂದು ಪಾಲಿನ ಹತ್ತಿರ. ಅಷ್ಟಮಿಯ ಬೆಳಕಲ್ಲಿ ಓಲೆ ಓದಿಸುವ ಮೊದಲು ಇದು ನೆನಪಿರಲಿ.

ಇದನ್ನೆಲ್ಲ ನೆಲದಿಂದ ನೋಡುವವರು ಎಲ್ಲಿದ್ದಾರೆ ಎಂಬುದೂ ಲೆಕ್ಕವೇ. ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರದಲ್ಲಿದೆ. ಇಲ್ಲಿ ಬಿದಿಗೆಯ ಚಂದ್ರ ಬಹುಪಾಲು ದೋಣಿಯ ಹಾಗೆ ಮಲಗಿರುತ್ತದೆ. ಕುಡುಗೋಲಿನ ಹಾಗೆ ನೆಟ್ಟಗೆ ನಿಂತ ಬಿದಿಗೆ ಧ್ರುವದ ಕಡೆಯವರ ಚಿತ್ರಗಳಿಂದ ಬಂದದ್ದು. ಮಲೆನಾಡಿನಂಥ ಸೀಮೆಯನ್ನು ಸಿಂಗಾರದಲ್ಲಿ ಇಡುವುದಾದರೆ ಮೋಡವನ್ನೂ ಇಡಬೇಕು. ಆಗುಂಬೆಯಂಥ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಸಿಗುವುದೇ ಅಪರೂಪ; ಅಲ್ಲಿ 7 ದಿನದ ಚಂದ್ರ 17 ಸಲ ತುಂಬಿ ಕರಗಿದರೂ ಯಾರೂ ಕಂಡಿರುವುದಿಲ್ಲ. ಘಟ್ಟದ ಮೇಲಿನವರು ಗಂಟು ಹಾಕಿ ಎಣಿಸಬೇಕು, ಎಣಿಕೆ ತಪ್ಪಬೇಕು. ಘಟ್ಟದ ಕೆಳಗಿನವರಿಗೆ ಆ ಕಷ್ಟವಿಲ್ಲ. ಮೋಡ ಎಷ್ಟೇ ಮುಚ್ಚಲಿ, ಉಬ್ಬರ ಬಂದ ಹೊತ್ತು ನೋಡಿ ಬೆಟ್ಟೆ ಎಲ್ಲಿದ್ದಾನೆಂದು ಹೇಳಬಲ್ಲರು. ಮಳೆಗಾಲ ಮುಗಿದಾಗ ಮೇಲಿನವರ ಪಂಚಾಂಗ ಕೆಳಗಿನವರದಕ್ಕೆ ಒಂದೆರಡು ದಿನ ಹೊಂದದೇ ಇರುವುದು ಈ ಕಟ್ಟಡದ ಅತ್ಯಂತ ನಿಜವಾದ ಭಾಗ.

ಎಲ್ಲ ಆದ ಮೇಲೆ ಕಣ್ಣಿಂದ ನೋಡಲು ಸೆಲೆಸ್ಟಿಯಾ ಎಂಬ, ಆಕಾಶ ತೋರಿಸುವ ತಂತ್ರಾಂಶ ಸಾಕು, ಉಚಿತ. ಅದರ ಎಕ್ಸ್‌ಟ್ರಾಸ್ ಫೋಲ್ಡರಿನಲ್ಲಿ ಎಸ್‌ಎಸ್‌ಸಿ ಎಂಬ ಬಾಲವಿರುವ ಸಾದಾ ಪಠ್ಯ ಕಡತ ಬರೆದಿಟ್ಟರೆ ಹೊಸ ಗ್ರಹ, ಚಂದ್ರ ಕಾಣಿಸುತ್ತವೆ. ಅಲ್ಲಿ ಗ್ರಹದ ದೂರ ಖಗೋಳಮಾನದಲ್ಲಿ (ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರವೇ ಒಂದು ಮಾನ), ಅವಧಿ ವರ್ಷಗಳಲ್ಲಿ. ಚಂದ್ರನ ದೂರ ಕಿ.ಮೀ.ಯಲ್ಲಿ, ಅವಧಿ ದಿನಗಳಲ್ಲಿ. ಕೇಳುವುದು ತ್ರಿಜ್ಯ, ವ್ಯಾಸವಲ್ಲ: ಬೆಟ್ಟೆಗೆ 1200, ಕಾಳಿಗೆ 300. ಅಂಕಿಗಳ ನಡುವೆ ಅಲ್ಪವಿರಾಮ ಹಾಕಬಾರದು. ಅವಧಿಗೆ 20 ಅಲ್ಲ, 18.96 ಕೊಡಬೇಕು. ಸೆಲೆಸ್ಟಿಯಾ ಹೇಳಿದ ಕಡೆ ಹೇಳಿದ್ದನ್ನು ತಿರುಗಿಸುತ್ತದೆಯೇ ಹೊರತು ಗುರುತ್ವದ ಲೆಕ್ಕ ಮಾಡುವುದಿಲ್ಲ, ಆದ್ದರಿಂದ 2 ಲಕ್ಷದ ಆ ಮೂರನೇ ಚಂದ್ರನನ್ನು ಇಟ್ಟರೂ ಚೆಂದವಾಗಿಯೇ ತಿರುಗಿಸಿ ತೋರಿಸುತ್ತದೆ.